ದ್ರಾಕ್ಷಿಯ ಗುಣ: ನೆಲ, ಹವೆ ಮತ್ತು ಬೇಸಾಯದ ಕ್ರಮ

ಒಂದೇ ಜಾತಿಯ ದ್ರಾಕ್ಷಿಬಳ್ಳಿಯನ್ನು ಒಂದೇ ವರ್ಷದಲ್ಲಿ ನೆಟ್ಟು, ಒಂದೇ ಪ್ರಕಾರದ ಗೊಬ್ಬರವನ್ನು ಕೊಟ್ಟು ಬೆಳೆಸಿದ ಎರಡು ತೋಟಗಳಲ್ಲಿ, ಒಂದರ ಹಣ್ಣು ಸಿಹಿಯೂ ಸುವಾಸನೆಯೂ ಉಳ್ಳದ್ದಾಗಿಯೂ ಮತ್ತೊಂದರದು ನೀರುನೀರಾಗಿ ಸಪ್ಪೆಯಾಗಿಯೂ ಇರುವುದನ್ನು ಬೇಸಾಯಗಾರರು ಕಂಡೇ ಇರುತ್ತಾರೆ. ಇದನ್ನು ಅದೃಷ್ಟವೆಂದು ಹೇಳಿ ಸುಮ್ಮನಾಗುವವರು ಅನೇಕರು. ವಾಸ್ತವದಲ್ಲಿ ಇದಕ್ಕೆ ನೆಲ, ಹವೆ, ಬೇಸಾಯಗಾರನ ಕೈ ಎಂಬ ಮೂರು ಕಾರಣಗಳಿವೆ. ಮೊದಲಿನ ಎರಡನ್ನು ನೋಡಿ ಆರಿಸಿಕೊಳ್ಳಬಹುದೇ ಹೊರತು ಬದಲಾಯಿಸುವುದು ಕಷ್ಟ. ಮೂರನೆಯದು ಪೂರ್ಣವಾಗಿ ನಮ್ಮ ವಶದಲ್ಲಿದೆ.

ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ವೈನಿಗೆ ಹಣ್ಣು ಬೆಳೆಯುವವರು ಈ ವಿಚಾರವನ್ನು ಮುಖ್ಯವಾಗಿ ತಿಳಿದಿರಬೇಕು. ಹಣ್ಣಿನ ರಸದಲ್ಲಿ ಇಲ್ಲದ ಗುಣವನ್ನು ಪೀಪಾಯಿಯಲ್ಲಿ ಹುಟ್ಟಿಸಲಾಗದು.

ನೆಲ

ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯಲ್ಲಿ ಕ್ಲೋ ದ ವೂಜೊ ಎಂಬ ಹೆಸರುವಾಸಿಯಾದ ತೋಟವೊಂದಿದೆ. ಕ್ರೈಸ್ತ ಸನ್ಯಾಸಿಗಳು ಬೆಳೆಸಿದ ಈ ತೋಟದ ಸುತ್ತಲೂ ಕಲ್ಲಿನ ಗೋಡೆಯಿದೆ. ವಿಸ್ತೀರ್ಣವು ಸುಮಾರು 125 ಎಕರೆ. ಒಂದೇ ಗೋಡೆಯ ಒಳಗೆ, ಒಂದೇ ಜಾತಿಯ ಬಳ್ಳಿಯಿದ್ದರೂ, ಇಳಿಜಾರಿನ ಮೇಲ್ಭಾಗದ ಹಣ್ಣಿಗೂ ಕೆಳಭಾಗದ ಹಣ್ಣಿಗೂ ವ್ಯತ್ಯಾಸವುಂಟು. ಮೇಲ್ಭಾಗದಲ್ಲಿ ಸುಣ್ಣಕಲ್ಲು ಬೆರೆತ ತೆಳುಮಣ್ಣಿದ್ದು, ನೀರು ಬೇಗ ಬಸಿದುಹೋಗುವುದು. ಕೆಳಗೆ ಜೇಡಿಯು ಹೆಚ್ಚಾಗಿ ತೇವವು ನಿಲ್ಲುವುದು. ಉತ್ತಮವಾದ ವೈನು ಮೇಲ್ಭಾಗದ ಹಣ್ಣಿನಿಂದ ಬರುವುದೆಂಬ ಅಭಿಪ್ರಾಯವು ಅಲ್ಲಿ ಬಹುಕಾಲದಿಂದ ನೆಲೆಗೊಂಡಿದೆ.

ಇದರಿಂದ ತಿಳಿಯತಕ್ಕದ್ದೇನೆಂದರೆ, ದ್ರಾಕ್ಷಿಗೆ ಅತಿ ಫಲವತ್ತಾದ ಭೂಮಿಯೇ ಬೇಕೆಂಬುದು ತಪ್ಪು. ಸಾರವೂ ನೀರೂ ಮಿತಿಮೀರಿದ ಕಡೆ ಬಳ್ಳಿಯು ಎಲೆಯನ್ನೂ ಕುಡಿಯನ್ನೂ ಬೆಳೆಸುತ್ತಾ ಹೋಗುವುದು; ಗೊಂಚಲುಗಳು ನೆರಳಿನಲ್ಲಿ ಮುಚ್ಚಿಹೋಗಿ ಬಣ್ಣ ಕಟ್ಟುವುದಿಲ್ಲ. ನೀರು ಬಸಿಯುವ ಗರಸು ಮಿಶ್ರಿತ ಕೆಮ್ಮಣ್ಣು ಈ ಬೆಳೆಗೆ ಒಳ್ಳೆಯದು. ಎರೆಭೂಮಿಯಲ್ಲಿ ಬಸಿಗಾಲುವೆಗಳನ್ನು ತೆಗೆಯದೆ ನಾಟಿ ಮಾಡಬಾರದು. ನೆಲದಲ್ಲಾಗಲಿ ಬಾವಿಯ ನೀರಿನಲ್ಲಾಗಲಿ ಸವಳಿರುವ ಕಡೆ ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರುಗಿಡದ ಮೇಲೆ ಕಸಿ ಕಟ್ಟಿದ ಬಳ್ಳಿಯು ಉಪಯುಕ್ತವಾದುದು.

ಹವೆ

ಹಗಲಿನ ಬಿಸಿಲು ಎಲೆಯಲ್ಲಿ ಸಕ್ಕರೆಯನ್ನು ಉಂಟುಮಾಡುತ್ತದೆ. ರಾತ್ರಿಯ ಸೆಕೆಯು ಹಣ್ಣಿನಲ್ಲಿರುವ ಹುಳಿಯನ್ನು ಕರಗಿಸುತ್ತದೆ. ಸಿಹಿಯೊಂದಿಗೆ ಹದವಾದ ಹುಳಿಯೂ ಇಲ್ಲದಿದ್ದರೆ ವೈನು ಜೀವವಿಲ್ಲದಂತೆ ರುಚಿಸುವುದು. ಬಹುಕಾಲ ಕೆಡದೆ ಇರಲಾರದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಂದಿಬೆಟ್ಟದ ತಪ್ಪಲಿನಲ್ಲಿ ರಾತ್ರಿಯ ತಂಪು ಹುಳಿಯನ್ನೂ ಬಣ್ಣವನ್ನೂ ಕಾಪಾಡುತ್ತದೆ. ವಿಜಯಪುರದ ಸೀಮೆಯಲ್ಲಿ ಮಳೆಯು ಕಡಮೆ, ಬಿಸಿಲು ಹೆಚ್ಚು. ಅಲ್ಲಿ ಸಕ್ಕರೆಯು ಬೇಗ ಕೂಡುವುದರಿಂದಲೂ ಗಾಳಿಯು ಒಣಗಿರುವುದರಿಂದಲೂ ಬೀಜರಹಿತ ಹಣ್ಣನ್ನು ಒಣದ್ರಾಕ್ಷಿ ಮಾಡುವುದು ಲಾಭಕರವಾಗಿದೆ. ಊರಿನ ಹವೆಯನ್ನು ನೋಡಿ ಜಾತಿಯನ್ನು ಆರಿಸಬೇಕೇ ಹೊರತು ನೆರೆಯ ಜಿಲ್ಲೆಯವರ ಲಾಭವನ್ನು ಕೇಳಿ ಆರಿಸತಕ್ಕದ್ದಲ್ಲ.

ಸವರುವಿಕೆ

ಶೀತದೇಶಗಳಲ್ಲಿ ಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುವುದು. ನಮ್ಮಲ್ಲಿ ಅದಕ್ಕೆ ಅಂತಹ ವಿಶ್ರಾಂತಿಯಿಲ್ಲ. ಆದಕಾರಣ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಸವರಿ, ಒಂದು ಫಸಲನ್ನು ಪಡೆಯುವ ಪದ್ಧತಿಯು ಬಂದಿದೆ. ಸುಗ್ಗಿಯಾದ ಮೇಲೆ, ಏಪ್ರಿಲ್ ತಿಂಗಳ ಹೊತ್ತಿಗೆ, ಕಡ್ಡಿಗಳನ್ನು ಒಂದೆರಡು ಕಣ್ಣುಗಳವರೆಗೆ ಮೊಟಕುಮಾಡುವರು. ಮುಂದಿನ ಫಸಲಿನ ಗೊಂಚಲು ಆಗ ಬರುವ ಹೊಸಕಡ್ಡಿಯ ಕಣ್ಣುಗಳೊಳಗೆ ಒಂದೆರಡು ತಿಂಗಳಲ್ಲಿಯೇ ರೂಪುಗೊಳ್ಳುವುದರಿಂದ, ಆ ಕಾಲದಲ್ಲಿ ಎಲೆಗಳಿಗೆ ಬಿಸಿಲು ಚೆನ್ನಾಗಿ ತಾಗಬೇಕು. ಅಕ್ಟೋಬರಿನಲ್ಲಿ ಮಾಡುವ ಎರಡನೆಯ ಸವರುವಿಕೆಯಿಂದ ಹೂವೂ ಹಣ್ಣೂ ಬರುವುವು.

ಈ ಎರಡನೆಯ ಸವರುವಿಕೆಯ ದಿನವನ್ನು ಗೊತ್ತುಮಾಡುವುದರಲ್ಲಿ ವರ್ಷದ ಅದೃಷ್ಟವೆಲ್ಲಾ ಅಡಗಿದೆ. ಅವಸರಪಟ್ಟರೆ ಹೂವು ಹಿಂಗಾರಿಗೆ ಸಿಕ್ಕಿ, ಬೂಜುರೋಗವು ಗೊಂಚಲುಗಳನ್ನು ಕೆಲವೇ ದಿನಗಳಲ್ಲಿ ನಾಶಮಾಡುವುದು. ಬಹಳ ತಡಮಾಡಿದರೆ ಹಣ್ಣು ಬೇಸಗೆಯ ಸೆಕೆಯಲ್ಲಿ ಮಾಗಿ ಹುಳಿಯನ್ನು ಕಳೆದುಕೊಳ್ಳುವುದು. ಮಾಗುವ ಹೊತ್ತಿನಲ್ಲಿ ಅಕಾಲದ ಮಳೆ ಬಿದ್ದರೆ ಸಿಪ್ಪೆಯು ಸೀಳಿ ಕೊಳೆಯುವುದು. ಬೂಜುರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವು 1885ರಿಂದ ಪ್ರಸಿದ್ಧವಾಗಿದೆ. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಇವೆರಡೂ ಒಂದೊಂದು ಕಿಲೋಗ್ರಾಂ ಬೇಕು. ರೋಗವು ಹಿಡಿದ ಮೇಲೆ ಎರಚುವುದಕ್ಕಿಂತ ಮುಂಚಿತವಾಗಿ ಎರಚುವುದೇ ಮೇಲು.

ಫಸಲಿನ ಮಿತಿ

ಗೊಂಚಲೊಂದನ್ನು ಚೆನ್ನಾಗಿ ಮಾಗಿಸಲು ಹತ್ತು ಹದಿನೈದು ಆರೋಗ್ಯವಾದ ಎಲೆಗಳಾದರೂ ಬೇಕು. ಬಳ್ಳಿಯ ಶಕ್ತಿಯನ್ನು ಮೀರಿ ಗೊಂಚಲುಗಳನ್ನು ಬಿಟ್ಟರೆ ತೂಕವೇನೋ ಬರುವುದು, ಸಕ್ಕರೆಯು ಹಂಚಿಹೋಗುವುದು. ಮೇಲೆ ಹೇಳಿದ ಕ್ಲೋ ದ ವೂಜೊ ತೋಟಕ್ಕೆ ಕಾನೂನು ಗೊತ್ತುಮಾಡಿರುವ ಸಾಮಾನ್ಯ ಮಿತಿಯು ಎಕರೆಗೆ ಸುಮಾರು 1,400 ಲೀಟರ್ ವೈನು ಮಾತ್ರ. ಹೆಚ್ಚು ಬೆಳೆಯಲು ತಿಳಿಯದವರಲ್ಲ ಅವರು. ಹೆಚ್ಚು ಬೆಳೆದರೆ ಹೆಸರು ಹೋಗುವುದೆಂದು ಬಲ್ಲವರು. ಕಾಯಿಯು ಬಣ್ಣ ತಿರುಗುವ ಹೊತ್ತಿಗೆ ನೀರನ್ನು ಕ್ರಮವಾಗಿ ಕಡಮೆಮಾಡುವುದೂ ಇದೇ ತತ್ತ್ವಕ್ಕೆ ಸೇರಿದ್ದು.

ಕೊಯ್ಲು ಮತ್ತು ಬೆಲೆ

ಮಾವು ಬಾಳೆಗಳಂತೆ ದ್ರಾಕ್ಷಿಯು ಕೊಯ್ದ ಮೇಲೆ ಮಾಗುವುದಿಲ್ಲ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯು ಹುದುಗಿದರೆ ಶೇಕಡ 1ರಷ್ಟು ಮದ್ಯಸಾರವಾಗುವುದು. ಆದುದರಿಂದ ಬಣ್ಣವನ್ನು ಮಾತ್ರ ನೋಡಿ ಕೊಯ್ಯದೆ, ಗೊಂಚಲಿನ ಮೇಲೆ, ನಡುವೆ, ತುದಿಯಲ್ಲಿರುವ ಹಣ್ಣುಗಳನ್ನು ತೆಗೆದು, ರಿಫ್ರಾಕ್ಟೋಮೀಟರ್ ಎಂಬ ಕೈ ಉಪಕರಣದಿಂದ ರಸದ ಸಿಹಿಯನ್ನು ಅಳೆಯಬೇಕು.

ಇಲ್ಲಿ ಗ್ರಾಮಮುಖಂಡರ ಹೊಣೆಯೊಂದಿದೆ. ಕೊಳ್ಳುವವರು ತೂಕಕ್ಕೆ ಮಾತ್ರ ಬೆಲೆ ಕಟ್ಟಿದರೆ, ಗೊಂಚಲುಗಳನ್ನು ಕಡಮೆಮಾಡಿ ನೀರನ್ನು ತಡೆದ ಬುದ್ಧಿವಂತನು ನಷ್ಟಪಡುವನು. ನೀರು ಕಟ್ಟಿ ತೂಕ ಬೆಳೆಸಿದವನು ಲಾಭ ಪಡೆಯುವನು. ಮರುವರ್ಷ ಎಲ್ಲರೂ ಎರಡನೆಯವನನ್ನೇ ಅನುಸರಿಸುವರು. ಕೊನೆಗೆ ಊರಿನ ಹಣ್ಣಿಗೇ ಕೆಟ್ಟ ಹೆಸರು ಬರುವುದು. ಆದಕಾರಣ ಸವರುವ ಮೊದಲೇ ಬೆಳೆಗಾರರೆಲ್ಲರೂ ಒಟ್ಟುಗೂಡಿ, ಇಬ್ಬರ ಎದುರಿಗೆ ಅಳೆದ ಸಿಹಿಯನ್ನು ಅನುಸರಿಸಿ ಬೆಲೆ ಕೊಡತಕ್ಕದ್ದೆಂದು ಕೊಳ್ಳುವವರೊಡನೆ ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳುವಂತೆ ಪ್ರೇರೇಪಿಸುವುದು ಒಳ್ಳೆಯದು. ಒಳ್ಳೆಯ ಬೇಸಾಯಕ್ಕೆ ತಕ್ಕ ಪ್ರತಿಫಲವು ದೊರೆಯುವ ಊರಿನಲ್ಲಿ ಒಳ್ಳೆಯ ಬೇಸಾಯವು ತಾನಾಗಿಯೇ ನೆಲೆಸುವುದು.