ಮೆಗಾಪಿಕ್ಸೆಲ್ ಬಿಡಿ, ಸ್ಕೇಲ್ ಹಿಡಿಯಿರಿ

ಹುಳ, ಹೂವು, ಎಲೆ ಮೇಲಿನ ಚುಕ್ಕೆ... ಹತ್ತಿರದಿಂದ ಫೋಟೊ ತೆಗೆಯೋಕೆ ಕಡಿಮೆ ದುಡ್ಡಿನಲ್ಲಿ ಯಾವ ಕ್ಯಾಮೆರಾ ತಗೋಬೇಕು?

ಕ್ಯಾಮೆರಾ ಕೊಳ್ಳೋರು ಕೇಳೋ ಮೊದಲ ಪ್ರಶ್ನೆ "ಎಷ್ಟು ಮೆಗಾಪಿಕ್ಸೆಲ್?" ಎರಡನೇದು "ಜೂಮ್ ಎಷ್ಟು?" ಮದುವೆ ಫೋಟೊ ತೆಗೆಯೋರಿಗೆ, ಹಂಪಿಯಲ್ಲಿ ಮಾತಂಗ ಬೆಟ್ಟ ಹತ್ತಿ ಸೂರ್ಯೋದಯ ಹಿಡಿಯೋರಿಗೆ ಈ ಪ್ರಶ್ನೆಗಳು ಸರಿ. ಆದರೆ ನಾಲ್ಕು ಮಿಲಿಮೀಟರ್ ಉದ್ದದ ಹುಳ ತೆಗೆಯಬೇಕಾದರೆ ಇವೆರಡರಿಂದ ಹೆಚ್ಚು ಉಪಯೋಗವಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು: ಫ್ರೇಮಿನ ಅಗಲಕ್ಕೆ ಎಷ್ಟು ಮಿಲಿಮೀಟರ್ ಹಿಡಿಸುತ್ತೆ? ಹುಳದಿಂದ ಎಷ್ಟು ದೂರ ನಿಲ್ಲಬಹುದು? ಬೆಳಕು ಎಲ್ಲಿಂದ ಬರುತ್ತೆ?

ನನ್ನ ಊರು ಎಮ್ಮಿಗನೂರು. ಕೆಲಸ ಬೆಂಗಳೂರಲ್ಲಿ. ಕಂಪ್ಲಿ ಸುತ್ತಮುತ್ತಲಿನ ಬಹಳಷ್ಟು ಮನೆಗಳ ಹಾಗೆ ನಮ್ಮದೂ ತುಂಗಭದ್ರೆ ನೀರು ನಂಬಿಕೊಂಡ ನೆಲ್ಲಿನ ಸಂಸಾರ. ಬೆಳೆ ಕಾಲದಲ್ಲಿ ಚಿಕ್ಕಪ್ಪನ ಫೋಟೊ ವಾಟ್ಸಾಪಿಗೆ ಬರ್ತಾನೇ ಇರುತ್ತೆ, ಜೊತೆಗೊಂದು ವಾಯ್ಸ್ ಮೆಸೇಜು: "ತಮ್ಮಾ, ಈ ಹುಳ ಯಾವ್ದು ನೋಡು, ಎಣ್ಣಿ ಹೊಡಿಬೇಕಾ ಬ್ಯಾಡಾ?" ಫೋಟೊದಲ್ಲಿ ಕಾಣೋದು ಹಸಿರು ಮಸುಕಿನೊಳಗೆ ಒಂದು ಕಂದು ಚುಕ್ಕೆ ಮಾತ್ರ. ಅದನ್ನ ಕೃಷಿ ವಿಜ್ಞಾನಿಗೆ ಕಳಿಸಿದರೂ ಅವರೇನು ಹೇಳಿಯಾರು?

ಪ್ರಶ್ನೆ ಸಣ್ಣದಲ್ಲ. ಭತ್ತದ ಕಂದು ಜಿಗಿಹುಳು ಗಿಡದ ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಕೂತು ರಸ ಹೀರುತ್ತೆ. ಹೆಚ್ಚಾದರೆ ಗದ್ದೆ ಅಲ್ಲಲ್ಲಿ ದುಂಡಗೆ ಸುಟ್ಟಂತೆ ಒಣಗುತ್ತೆ. ಅದೇ ಬುಡದಲ್ಲಿ ಹಸಿರು ಮಿರಿಡ್ ತಿಗಣೆ ಅಂತ ಇನ್ನೊಂದು ಇರುತ್ತೆ. ಅದು ಜಿಗಿಹುಳುವಿನ ಮೊಟ್ಟೆ ತಿಂದು ಬದುಕೋ ನಮ್ಮ ಕಡೆಯ ಸೈನಿಕ. ಎಲೆ ಮೇಲೆ ಕೂರೋ ಹಸಿರು ಜಿಗಿಹುಳು ಶತ್ರು. ಎರಡೂ ಹಸಿರು, ಎರಡೂ ಕೆಲವೇ ಮಿಲಿಮೀಟರ್. ಗೊತ್ತಿಲ್ಲದೆ ಸಿಕ್ಕ ಎಣ್ಣೆ ಹೊಡೆದರೆ ಮಿತ್ರಕೀಟಗಳು ಸತ್ತು ಜಿಗಿಹುಳು ಮೊದಲಿಗಿಂತ ಜಾಸ್ತಿಯಾಗೋದೂ ಉಂಟು. ಅಂದರೆ ಒಂದು ಸ್ಪಷ್ಟ ಫೋಟೊ ಒಂದು ಸಿಂಪರಣೆಯ ಖರ್ಚನ್ನೇ ಉಳಿಸಬಹುದು.

ಹಾಗಾಗಿ ಕ್ಯಾಮೆರಾ ಹುಡುಕೋಕೆ ಹೊರಟೆ. ಬಜೆಟ್ 25 ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ.

ಸ್ಕೇಲ್ ಪರೀಕ್ಷೆ

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲ್ ಇಟ್ಟುಕೊಳ್ಳಿ. ಯಾವುದೇ ಕ್ಯಾಮೆರಾ ಅಥವಾ ಫೋನ್ ಎಷ್ಟು ಹತ್ತಿರ ಫೋಕಸ್ ಮಾಡುತ್ತೋ ಅಷ್ಟು ಹತ್ತಿರದಿಂದ ಸ್ಕೇಲಿನ ಫೋಟೊ ತೆಗೀರಿ. ಫ್ರೇಮಿನ ಈ ತುದಿಯಿಂದ ಆ ತುದಿಗೆ ಎಷ್ಟು ಮಿಲಿಮೀಟರ್ ಗೆರೆ ಕಾಣುತ್ತೆ, ಎಣಿಸಿ. ಡಬ್ಬದ ಮೇಲೆ "ಸೂಪರ್ ಮ್ಯಾಕ್ರೋ" ಅಂತ ಏನೇ ಬರೆದಿರಲಿ, ನಿಜವಾದ ಅಂಕಿ ಇದೊಂದೇ.

ಒಂದು ಉದಾಹರಣೆ. 18 ಮೆಗಾಪಿಕ್ಸೆಲ್‌ನ ಹಳೆ ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಚಿತ್ರದ ಅಗಲ 5184 ಪಿಕ್ಸೆಲ್. ಜೊತೆಗೆ ಬರೋ 18-55 ಕಿಟ್ ಲೆನ್ಸಿನಲ್ಲಿ ಅತಿ ಹತ್ತಿರ ಹೋದರೂ ಫ್ರೇಮಿಗೆ ಸುಮಾರು 66 ಮಿ.ಮೀ. ಹಿಡಿಸುತ್ತೆ. 4 ಮಿ.ಮೀ. ಹುಳಕ್ಕೆ ಸಿಗೋದು ಬರೀ 300 ಚಿಲ್ಲರೆ ಪಿಕ್ಸೆಲ್. ಅದೇ ಕ್ಯಾಮೆರಾದಲ್ಲಿ ಫ್ರೇಮನ್ನ 24 ಮಿ.ಮೀ.ಗೆ ಇಳಿಸಿದರೆ ಹುಳಕ್ಕೆ 850ರ ಹತ್ತಿರ ಪಿಕ್ಸೆಲ್. ಬೆನ್ನ ಮೇಲಿನ ಪಟ್ಟಿ, ರೆಕ್ಕೆ ಮೇಲಿನ ಕಪ್ಪು ಚುಕ್ಕೆ ಕಾಣೋದು ಆಗಲೇ. ಕ್ಯಾಮೆರಾ ಬದಲಾಗಲಿಲ್ಲ, ಮೆಗಾಪಿಕ್ಸೆಲ್ ಬದಲಾಗಲಿಲ್ಲ. ಬದಲಾಗಿದ್ದು ಫ್ರೇಮಿನ ಅಗಲ ಅಷ್ಟೆ.

ಕೈಗೆಟುಕುವ ದಾರಿಗಳು

*ಫೋನ್:* ಅಗ್ಗದ ಫೋನುಗಳಲ್ಲಿ ಹಿಂದೆ ಇರೋ 2 ಮೆಗಾಪಿಕ್ಸೆಲ್ "ಮ್ಯಾಕ್ರೋ" ಕಣ್ಣು ಹೆಸರಿಗೆ ಮಾತ್ರ. ಅದರ ಬದಲು ಮೇನ್ ಕ್ಯಾಮೆರಾಕ್ಕೆ ಒಳ್ಳೆ ಕ್ಲಿಪ್ ಲೆನ್ಸ್ ಹಾಕಿದರೆ ಫಲಿತಾಂಶ ಎಷ್ಟೋ ಮೇಲು. ತೊಂದರೆ ಒಂದೇ, ಹುಳಕ್ಕೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕಾಗುತ್ತೆ. ಎಲೆ ಮೇಲಿನ ಮೊಟ್ಟೆ, ರೋಗದ ಚುಕ್ಕೆಗೆ ಇದು ಸಾಕು. ಹಾರೋ ಹುಳ ಕಾಯೋದಿಲ್ಲ.

*ಕಾಂಪ್ಯಾಕ್ಟ್ ಮತ್ತು ದೊಡ್ಡ ಜೂಮ್ ಕ್ಯಾಮೆರಾ:* ಸೆನ್ಸರ್ ಚಿಕ್ಕದಾದ್ದರಿಂದ ಸಣ್ಣ ಫ್ರೇಮ್ ಸುಲಭವಾಗಿ ಸಿಗುತ್ತೆ, ಫೋಕಸಿನ ಆಳವೂ ಹೆಚ್ಚು. ಆದರೆ "1 ಸೆಂ.ಮೀ. ಮ್ಯಾಕ್ರೋ" ಅನ್ನೋದು ಸಾಮಾನ್ಯವಾಗಿ ಜೂಮ್ ಮಾಡದಿದ್ದಾಗ ಮಾತ್ರ. ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತೆ. ಜೂಮ್ ಮಾಡಿ ದೂರದಿಂದ ತೆಗೆಯೋ ಹಾಗಿದ್ದರೆ ಮುಂದೆ ಒಂದು ಕ್ಲೋಸ್‌ಅಪ್ ಗಾಜು ಬೇಕು.

*ಹಳೆ ಡಿಎಸ್‌ಎಲ್‌ಆರ್ + ಎಕ್ಸ್‌ಟೆನ್ಶನ್ ಟ್ಯೂಬ್:* ನಾನು ಆರಿಸಿಕೊಂಡಿದ್ದು ಇದನ್ನ. ಟ್ಯೂಬ್ ಅಂದರೆ ಲೆನ್ಸು ಕ್ಯಾಮೆರಾ ಮಧ್ಯೆ ಕೂರೋ ಖಾಲಿ ಬಳೆ. ಒಳಗೆ ಗಾಜಿಲ್ಲ, ಹಾಗಾಗಿ ಅಗ್ಗ. ಲೆಕ್ಕವೂ ಸುಲಭ: ಟ್ಯೂಬಿನ ಉದ್ದವನ್ನ ಲೆನ್ಸಿನ ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ ಎಷ್ಟು ಮ್ಯಾಗ್ನಿಫಿಕೇಶನ್ ಕೂಡುತ್ತೆ ಅಂತ ಗೊತ್ತಾಗುತ್ತೆ. ಕ್ಯಾನನ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಲೆನ್ಸಿಗೆ ತನ್ನದೇ 0.21 ಇದೆ. 36 ಮಿ.ಮೀ. ಟ್ಯೂಬ್ ಹಾಕಿದರೆ 0.72 ಕೂಡಿ ಸುಮಾರು 0.93. ಮೇಲೆ ಹೇಳಿದ 24 ಮಿ.ಮೀ. ಫ್ರೇಮ್ ಬಂದಿದ್ದು ಹೀಗೆ. ಹುಳಕ್ಕೂ ಲೆನ್ಸಿಗೂ ಮಧ್ಯೆ ಒಂದು ಅಂಗೈ ಅಗಲದಷ್ಟು ಜಾಗ ಉಳಿಯುತ್ತೆ. ಟ್ಯೂಬ್ ಕೊಳ್ಳುವಾಗ ಒಳಗೆ ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಪಿನ್ ಇರೋದನ್ನೇ ಕೇಳಿ. ಇಲ್ಲದಿದ್ದರೆ ಅಪರ್ಚರ್ ಬದಲಿಸೋಕೆ ಆಗಲ್ಲ.

*ಟೆಲಿ ಲೆನ್ಸ್ + ರೇನಾಕ್ಸ್ ಡಿಸಿಆರ್-250:* ಮನೆಯಲ್ಲಿ ಈಗಾಗಲೇ 55-250 ಥರದ ಲೆನ್ಸ್ ಇದ್ದರೆ ಇದು ಚೆಂದ. ಮುಂದೆ ಕ್ಲಿಪ್ ಹಾಗೆ ಕೂರುತ್ತೆ, ಶಕ್ತಿ +8 ಡಯಾಪ್ಟರ್. ಹುಳದಿಂದ ಸುಮಾರು 12 ಸೆಂ.ಮೀ. ದೂರ ಸಿಗುತ್ತೆ. ಜೂಮ್ ತಿರುಗಿಸಿದರೆ ಫ್ರೇಮ್ ಸಣ್ಣದು ದೊಡ್ಡದು ಆಗುತ್ತೆ.

ಅಸಲಿ ಮ್ಯಾಕ್ರೋ ಲೆನ್ಸ್ ಎಲ್ಲಕ್ಕಿಂತ ಮೇಲು, ನಿಜ. ಅದೊಂದಕ್ಕೇ ನನ್ನ ಬಜೆಟ್ ಮುಗಿದುಹೋಗುತ್ತೆ.

ಅರ್ಧ ದುಡ್ಡು ಬೆಳಕಿಗೆ

ಇಷ್ಟು ಹತ್ತಿರ ಹೋದಾಗ ಫೋಕಸಿನ ಆಳ ತೀರಾ ಕಡಿಮೆ. ಎಫ್/11ರಲ್ಲೂ ಒಂದು ಮಿಲಿಮೀಟರ್ ದಾಟಲ್ಲ. ಕಣ್ಣು ಶಾರ್ಪ್ ಆದರೆ ರೆಕ್ಕೆ ಮಸುಕು. ಅಪರ್ಚರ್ ಕಿರಿದಾಗಿಸಿದರೆ ಕತ್ತಲು, ಟ್ಯೂಬ್ ಹಾಕಿದರೆ ಇನ್ನಷ್ಟು ಕತ್ತಲು. ಅದೂ ನೆಲ್ಲಿನ ಬುಡದಲ್ಲಿ ಮಧ್ಯಾಹ್ನವೂ ನೆರಳೇ. ಹಾಗಾಗಿ ಫ್ಲ್ಯಾಶ್ ಬೇಕೇಬೇಕು, ಅದನ್ನ ಮೃದು ಮಾಡೋ ಡಿಫ್ಯೂಸರ್ ಇನ್ನೂ ಮುಖ್ಯ. ದುಡ್ಡು ಕೊಟ್ಟು ತರೋದೇನೂ ಬೇಡ. ಟಿವಿ ಪ್ಯಾಕಿಂಗಿನಲ್ಲಿ ಬರೋ ತೆಳು ಬಿಳಿ ಫೋಮ್ ಶೀಟ್, ರಟ್ಟು, ರಬ್ಬರ್ ಬ್ಯಾಂಡ್ ಸಾಕು. ಬೆಳಕು ಲೆನ್ಸಿನ ತುದಿಯ ಮೇಲಿಂದ ಇಳಿಯೋ ಹಾಗೆ ಕಟ್ಟಿ.

ನಮ್ಮ ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ ರಾಜಕಾರಣಿಯಾಗಿ ಎಲ್ಲರಿಗೂ ಗೊತ್ತು. ದೇವರಾಜ ಅರಸು ಕಾಲದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರು ದೇಶದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು ಅನ್ನೋದು ನಮ್ಮ ವಯಸ್ಸಿನವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಫಿಲಂ ಕಾಲ, ಕಪ್ಪು ಬಿಳುಪಿನ ಚಿತ್ರಗಳು, ತೆಗೆದ ಕೂಡಲೇ ನೋಡೋಕೆ ಸ್ಕ್ರೀನ್ ಇಲ್ಲ. 1983ರಲ್ಲಿ ಬಂದ ಅವರ ಪುಸ್ತಕದ ಹೆಸರು 'ಸನ್‌ಲೈಟ್ ಅಂಡ್ ಶ್ಯಾಡೋಸ್', ಬಿಸಿಲು ಮತ್ತು ನೆರಳು. ಪುಸ್ತಕದ ಹೆಸರಲ್ಲೂ ಇರೋದು ಬೆಳಕಿನ ಮಾತೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

- ಲೆನ್ಸಿನೊಳಗೆ ಫೋನಿನ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಗೆರೆ ಕಂಡರೆ ಅದು ಫಂಗಸ್, ಬೇಡ.
- ಬಿಳಿ ಗೋಡೆಯನ್ನ ಎಫ್/16ರಲ್ಲಿ ತೆಗೆದು ಝೂಮ್ ಮಾಡಿ. ಕಪ್ಪು ಚುಕ್ಕೆಗಳು ಸೆನ್ಸರ್ ಮೇಲಿನ ಧೂಳು. ಕ್ಲೀನ್ ಮಾಡಿಸಬಹುದು, ಬೆಲೆ ಇಳಿಸೋಕೂ ಕಾರಣ ಸಿಕ್ಕಿತು.
- ಮ್ಯಾನುಯಲ್ ಫೋಕಸ್ ರಿಂಗ್ ಸರಾಗ ತಿರುಗುತ್ತಾ ನೋಡಿ. ಮ್ಯಾಕ್ರೋದಲ್ಲಿ ಆಟೋಫೋಕಸ್ ತಡಕಾಡೋದೇ ಹೆಚ್ಚು.
- ಫ್ಲ್ಯಾಶ್ ಹತ್ತು ಸಲ ಹೊಡೆದು ನೋಡಿ, ಬ್ಯಾಟರಿ ಪರೀಕ್ಷೆಯೂ ಆಯ್ತು.
- ಗದ್ದೆಯ ತೇವದಿಂದ ಬಂದ ಕ್ಯಾಮೆರಾವನ್ನ ಒರೆಸಿ, ಒಣಗಿದ ಮೇಲೆ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಫೋಟೊ ಕೆಲಸಕ್ಕೆ ಬರಬೇಕಂದ್ರೆ

ಬೆಳಗ್ಗೆ ಬಿಸಿಲೇರೋ ಮುಂಚೆ ಹೋಗಿ. ತಂಪಿಗೆ ಹುಳ ಜಡವಾಗಿರುತ್ತೆ, ಗಾಳಿಯೂ ಕಡಿಮೆ. ಬುಡ ಕಾಣದಿದ್ದರೆ ಬಿಳಿ ತಟ್ಟೆ ಹಿಡಿದು ಗಿಡ ಬಡಿಯಿರಿ, ಉದುರಿದ್ದನ್ನ ತಟ್ಟೆ ಮೇಲೇ ತೆಗೀರಿ. ಒಂದು ಹುಳಕ್ಕೆ ಮೂರು ಫೋಟೊ ಬೇಕು: ಇಡೀ ಗಿಡ, ಗಿಡದ ಯಾವ ಭಾಗದಲ್ಲಿದೆ, ಆಮೇಲೆ ಹುಳದ ಬೆನ್ನು. ಪಕ್ಕದಲ್ಲಿ ಅದೇ ಸ್ಕೇಲ್ ಇಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಕಷ್ಟಪಟ್ಟು ಹಿಡಿದ ವಿವರವೆಲ್ಲ ಆ್ಯಪ್ ತಿಂದುಬಿಡುತ್ತೆ. ನಮ್ಮ ಕಡೆಯವರಿಗೆ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ, ಹಗರಿಯ ಕೃಷಿ ವಿಜ್ಞಾನ ಕೇಂದ್ರ ಇವೆ. ಯಾವ ಎಣ್ಣೆ, ಎಷ್ಟು ಅನ್ನೋದನ್ನ ಹೇಳಬೇಕಾದವರು ಅವರು, ಫೋಟೊ ತೆಗೆದ ನಾವಲ್ಲ.

ಹಳೆ ಕ್ಯಾಮೆರಾ, 50ರ ಲೆನ್ಸ್, ಟ್ಯೂಬ್, ಸಣ್ಣ ಫ್ಲ್ಯಾಶ್, ಎಲ್ಲ ಸೇರಿ ನನ್ನ 25 ಸಾವಿರದೊಳಗೇ ಮುಗೀತು. ನಿಮಗೆ ಅಷ್ಟೂ ಬೇಕಾಗದೇ ಇರಬಹುದು. ಈ ಭಾನುವಾರ ಇರೋ ಫೋನಿನಲ್ಲೇ ಸ್ಕೇಲ್ ಪರೀಕ್ಷೆ ಮಾಡಿ. ಫ್ರೇಮಿಗೆ ಮೂವತ್ತು ಮಿಲಿಮೀಟರಿಗಿಂತ ಕಡಿಮೆ ಬಂದು ಗೆರೆಗಳು ಚೂಪಾಗಿ ಕಂಡರೆ, ಸದ್ಯಕ್ಕೆ ಕ್ಯಾಮೆರಾ ಬೇಡ. ಫ್ಲ್ಯಾಶಿನ ಬದಲು ಒಂದು ಸಣ್ಣ ಎಲ್‌ಇಡಿ ಲೈಟ್ ತಗೊಂಡು ಗದ್ದೆಗಿಳಿಯಿರಿ.