ಬ್ರೊಮ್ಮಾದಿಂದ ಕೈರೋಗೆ ಹೋದ ವಿಮಾನ

ಚಿತ್ರಹಿಂಸೆಗೆ ಜಗತ್ತಿನಾದ್ಯಂತ ಕಡಿವಾಣ ಹಾಕುವ ಒಪ್ಪಂದದ ಕರಡನ್ನು 1978ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ದೇಶ ಸ್ವೀಡನ್. 1984ರಲ್ಲಿ ಒಪ್ಪಂದ ಅಂಗೀಕಾರವಾಯಿತು. ಮುಂದೆ ಅದೇ ಒಪ್ಪಂದದ ಸಮಿತಿ ಸ್ವೀಡನ್ನನ್ನೇ ತಪ್ಪಿತಸ್ಥ ಎಂದಿತು.

2001ರ ಡಿಸೆಂಬರ್ 18. ಅಮೆರಿಕದ ಮೇಲೆ ದಾಳಿ ನಡೆದು ಮೂರು ತಿಂಗಳಾಗಿತ್ತಷ್ಟೆ. ಆಶ್ರಯ ಕೇಳಿದ್ದ ಈಜಿಪ್ಟಿನ ಅಹ್ಮದ್ ಅಗೀಜಾ ಮತ್ತು ಮೊಹಮ್ಮದ್ ಅಲ್‌ಜೇರಿ ಅವರನ್ನು ಗಡೀಪಾರು ಮಾಡಲು ಸ್ವೀಡನ್ನಿನ ಪ್ರಧಾನಿ ಯೋರಾನ್ ಪೆರ್ಸನ್ ಅವರ ಸರ್ಕಾರ ಅಂದು ತೀರ್ಮಾನಿಸಿತು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಹಿಂಸಿಸುವುದಿಲ್ಲ, ಮರಣದಂಡನೆ ವಿಧಿಸುವುದಿಲ್ಲ ಎಂದು ಈಜಿಪ್ಟ್ ಕೊಟ್ಟ ಮಾತೇ ಇಡೀ ನಿರ್ಧಾರಕ್ಕೆ ಆಧಾರ. ಭೂಗತ ಪಾತಕಿ ಅಬು ಸಲೇಂನನ್ನು ಕರೆತರುವಾಗ ಭಾರತವೂ ಪೋರ್ಚುಗಲ್‌ಗೆ ಇಂಥ ಮಾತು ಕೊಟ್ಟಿತ್ತು. ಆದರೆ ಅದನ್ನು ಎರಡೂ ದೇಶಗಳ ನ್ಯಾಯಾಲಯಗಳು ತೂಗಿ ನೋಡಿದವು. ಸ್ಟಾಕ್‌ಹೋಮ್‌ನಲ್ಲಿ ತೂಗುವವರೇ ಇರಲಿಲ್ಲ.

ಅಂದೇ ಬಂಧನ, ಅಂದೇ ರಾತ್ರಿ ಬ್ರೊಮ್ಮಾ ವಿಮಾನ ನಿಲ್ದಾಣ. ಅಲ್ಲಿನ ಪೊಲೀಸ್ ಠಾಣೆಯ ಚಿಕ್ಕ ಕೋಣೆಯಲ್ಲಿ ಮುಸುಕುಧಾರಿ ಅಮೆರಿಕನ್ನರು ಇಬ್ಬರ ಬಟ್ಟೆಯನ್ನೂ ಕತ್ತರಿಯಿಂದ ಕತ್ತರಿಸಿ ತೆಗೆದರು. ಡೈಪರ್ ತೊಡಿಸಿ, ಮೇಲೆ ಮೇಲಂಗಿ ಹಾಕಿ, ಕೈಕಾಲು ಬಿಗಿದು, ತಲೆಗೆ ಗವಸು ಎಳೆದರು. ಸ್ವೀಡನ್ನಿನ ಭದ್ರತಾ ಪೊಲೀಸರು ನೋಡುತ್ತ ನಿಂತಿದ್ದರು. ತಮ್ಮ ನೆಲದಲ್ಲೇ ಅಧಿಕಾರವನ್ನು ಪರರ ಕೈಗೊಪ್ಪಿಸಿ ಸುಮ್ಮನೆ ನಿಂತ ಆ ನಿಲುವು, ನನ್ನ ಪ್ರಕಾರ, ಗಡೀಪಾರಿನ ಆದೇಶಕ್ಕಿಂತಲೂ ದೊಡ್ಡ ಅಪರಾಧ.

ವಿಮಾನ ಇಬ್ಬರನ್ನೂ ಕೈರೋಗೆ ಒಯ್ದಿತು. ಸ್ವೀಡನ್ನಿನ ರಾಯಭಾರಿ ಅಲ್ಲಿನ ಜೈಲಿನಲ್ಲಿ ಅವರನ್ನು ಭೇಟಿಯಾದದ್ದು ಐದು ವಾರಗಳ ನಂತರ. ತನ್ನನ್ನು ಹೊಡೆದರು ಎಂದು ಅಗೀಜಾ ಆಗಲೇ ಹೇಳಿದ್ದರು. ಆ ಮಾತು ವರದಿಯಲ್ಲಿ ದಾಖಲಾಯಿತು. ಸರ್ಕಾರ ಮಾತ್ರ ಅದನ್ನು ವಿಶ್ವಸಂಸ್ಥೆಯ ಸಮಿತಿಯಿಂದ ಮುಚ್ಚಿಟ್ಟಿತು.

ಮುಚ್ಚಳ ತೆಗೆದವರು ಸ್ವೀಡನ್ನಿನ ಟಿವಿ4 ವಾಹಿನಿಯ ವರದಿಗಾರರು. ವಿಮಾನದ ನೋಂದಣಿ ಸಂಖ್ಯೆಯ ಬೆನ್ನು ಹತ್ತಿದ ಅವರು ಸಿಐಎ ಕೈವಾಡವನ್ನು 2004ರ ಮೇನಲ್ಲಿ ಬಯಲಿಗೆಳೆದರು. ಬ್ರೊಮ್ಮಾದಲ್ಲಿ ನಡೆದದ್ದು ಅಮಾನವೀಯ ಎಂದು 2005ರಲ್ಲಿ ಸಂಸತ್ತಿನ ಓಂಬುಡ್ಸ್‌ಮನ್ ಮಾಟ್ಸ್ ಮೆಲಿನ್ ವರದಿ ಕೊಟ್ಟರು. ಕೆಲವೇ ವಾರಗಳಲ್ಲಿ ಚಿತ್ರಹಿಂಸೆ ವಿರೋಧಿ ಸಮಿತಿಯ ತೀರ್ಪು ಬಂತು: ಈಜಿಪ್ಟ್ ಕೊಟ್ಟಂಥ ಭರವಸೆ ರಕ್ಷಣೆಗೆ ಸಾಲದು, ಅಗೀಜಾ ಅವರನ್ನು ಕಳುಹಿಸಿದ್ದೇ ತಪ್ಪು, ಮಾಹಿತಿ ಮುಚ್ಚಿಟ್ಟದ್ದೂ ತಪ್ಪು.

ಅಲ್‌ಜೇರಿ ಮೇಲೆ ಈಜಿಪ್ಟ್ ಆರೋಪಪಟ್ಟಿಯನ್ನೇ ಹಾಕಲಿಲ್ಲ, 2003ರಲ್ಲಿ ಬಿಡುಗಡೆಯಾದರು. ಮಿಲಿಟರಿ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದ ಅಗೀಜಾ 2011ರವರೆಗೆ ಜೈಲಿನಲ್ಲೇ ಇದ್ದರು. 2008ರಲ್ಲಿ ಸ್ವೀಡನ್ ಇಬ್ಬರಿಗೂ ತಲಾ 30 ಲಕ್ಷ ಕ್ರೋನಾ ಪರಿಹಾರ ಕೊಟ್ಟಿತು. ಬ್ರೊಮ್ಮಾದ ಆ ರಾತ್ರಿಗಾಗಿ ಸ್ವೀಡನ್ನಿನಲ್ಲಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.