ಸಿಸ್ಟರ್ ಕೈಗೆ ಸಿಗುವ ಮಗು

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸ್ಕ್ಯಾನಿಂಗ್ ಯಂತ್ರ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ತಾಲ್ಲೂಕಿಗೇ ಹೋಗಬೇಕು. ಪ್ರತಿ ತಿಂಗಳ 9ನೇ ತಾರೀಕು ಬಸುರಿಯರ ವಿಶೇಷ ತಪಾಸಣೆ. ಬಿ.ಪಿ., ತೂಕ, ರಕ್ತಪರೀಕ್ಷೆ ಮುಗಿದ ಮೇಲೆ ಪರದೆಯ ಹಿಂದೆ ನಡೆಯುವ ಕೆಲಸಕ್ಕೆ ಬೇಕಾಗುವುದು ಪಳಗಿದ ಎರಡು ಕೈ, ಒಂದು ಟೇಪು.

"ಒಂದಕ್ಕೆ ಹೋಗಿ ಬಾರಮ್ಮ" ಎಂಬಲ್ಲಿಂದ ಶುರು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಮೇಲೆ ಸರಿದು ತಿಂಗಳ ಲೆಕ್ಕ ತಪ್ಪುತ್ತದೆ. ಆಮೇಲೆ ಅಂಗಾತ ಮಲಗಿಸುತ್ತಾರೆ. ಸಿಸ್ಟರ್ ತಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ. ಬಿಗಿದ ಹೊಟ್ಟೆಯಲ್ಲಿ ಏನೂ ಗೊತ್ತಾಗುವುದಿಲ್ಲ.

ಗರ್ಭಕೋಶದ ತುದಿ ಸುಮಾರು 24 ವಾರಕ್ಕೆ ಹೊಕ್ಕಳ ಮಟ್ಟಕ್ಕೆ, 36ಕ್ಕೆ ಎದೆಮೂಳೆಯ ಕೆಳತುದಿಗೆ ಬರುತ್ತದೆ. 24 ದಾಟಿದ ಮೇಲೆ ಟೇಪಿನ ಸೆಂಟಿಮೀಟರೂ ವಾರವೂ ಹೆಚ್ಚುಕಮ್ಮಿ ಒಂದೇ. ತೀರಾ ವ್ಯತ್ಯಾಸ ಕಂಡರೆ ಅವಳಿಯೋ, ನೀರು ಜಾಸ್ತಿಯೋ, ಮಗು ಬೆಳೆಯುತ್ತಿಲ್ಲವೋ ಎಂಬ ಅನುಮಾನ. ಎಷ್ಟೋ ಸಲ ಮುಟ್ಟಿನ ತಾರೀಕೇ ತಪ್ಪಾಗಿರುತ್ತದೆ, ಅದು ಬೇರೆ ಮಾತು.

ಇನ್ನು ಮೊಣಕಾಲು ಮಡಿಸಲು ಹೇಳಿ ನಾಲ್ಕು ಹಿಡಿತ. ಜರ್ಮನಿಯ ವೈದ್ಯ ಲಿಯೋಪೋಲ್ಡ್ 19ನೇ ಶತಮಾನದ ಕೊನೆಯಲ್ಲಿ ಕ್ರಮಗೊಳಿಸಿದ ಪದ್ಧತಿಯಿದು. ಮೊದಲು ಎರಡೂ ಅಂಗೈ ಹೊಟ್ಟೆಯ ಮೇಲ್ತುದಿಗೆ: ಮೆತ್ತಗೆ ಅಗಲವಾಗಿ ಸಿಕ್ಕರೆ ಅದು ಮಗುವಿನ ಕುಂಡೆ. ತಲೆಯಾದರೆ ಗಟ್ಟಿ, ಗುಂಡಗೆ; ಮೆಲ್ಲಗೆ ತಟ್ಟಿದರೆ ನೀರಲ್ಲಿ ತೇಲುವ ತೆಂಗಿನಕಾಯಿಯಂತೆ ಹಿಂದೆ ಸರಿದು ಮತ್ತೆ ಬೆರಳಿಗೆ ಬಂದು ತಾಗುತ್ತದೆ. ಎರಡನೆಯದು ಪಕ್ಕೆಗಳಿಗೆ. ಒಂದು ಕಡೆ ನುಣುಪಾಗಿ ಉದ್ದಕ್ಕೆ ಸಿಗುವುದು ಬೆನ್ನು, ಇನ್ನೊಂದು ಕಡೆ ಗಂಟುಗಂಟಾಗಿ ಸಿಗುವುದು ಕೈಕಾಲು. ಎದೆಬಡಿತ ಚೆನ್ನಾಗಿ ಕೇಳುವುದು ಬೆನ್ನಿನ ಕಡೆಯಿಂದಲೇ, ಹಾಗಾಗಿ ಫೀಟೋಸ್ಕೋಪ್ ಎಲ್ಲಿಡಬೇಕೆಂಬುದು ಇಲ್ಲೇ ತೀರ್ಮಾನ. ಕೊನೆಯ ಎರಡು ಹಿಡಿತ ಕಿಬ್ಬೊಟ್ಟೆಗೆ: ಕೆಳಗೆ ಬಂದಿರುವುದು ಏನು, ಎಷ್ಟು ಇಳಿದಿದೆ ಎಂದು ನೋಡಲು. ಇದು ಸ್ವಲ್ಪ ನೋಯುತ್ತದೆ. ಬಲ್ಲವರು ಆಕೆ ಉಸಿರು ಬಿಡುವವರೆಗೆ ಕಾಯ್ದು, ಆ ಸಡಿಲಿನಲ್ಲಿ ಬೆರಳು ಇಳಿಸುತ್ತಾರೆ. ಪುಸ್ತಕದಲ್ಲಿ ಅರ್ಧ ಪುಟಕ್ಕೆ ಮುಗಿಯುವ ಈ ವಿದ್ಯೆ ಕೈಗೆ ಹತ್ತಲು ಎಷ್ಟೋ ಹೊಟ್ಟೆ ಮುಟ್ಟಿರಬೇಕು.

ಸ್ಕ್ಯಾನ್ ಇದಕ್ಕಿಂತ ನಿಖರ, ಸಂಶಯವೇ ಇಲ್ಲ. ಆದರೆ ಅದು ಆ ದಿನದ ಮಗುವನ್ನಷ್ಟೇ ತೋರಿಸುತ್ತದೆ. ಮಗುವೋ ತಿರುಗುತ್ತಲೇ ಇರುತ್ತದೆ. 30 ವಾರಕ್ಕೆ ತಲೆ ಮೇಲಿದ್ದರೆ ಸಿಸ್ಟರ್ ತಲೆಕೆಡಿಸಿಕೊಳ್ಳುವುದಿಲ್ಲ, "ಇನ್ನೂ ಟೈಮಿದೆ, ತಿರುಗುತ್ತೆ" ಎನ್ನುತ್ತಾರೆ. 36 ದಾಟಿಯೂ ಅಡ್ಡ ಮಲಗಿದ್ದರೆ ಮಾತಿನ ಧಾಟಿಯೇ ಬೇರೆ. ನೀರು ಹೋದಾಗ ಹೊಕ್ಕುಳಬಳ್ಳಿಯೋ ಕೈಯೋ ಮೊದಲು ಜಾರಿ ಬರಬಹುದು. ಆಪರೇಷನ್ ಇಲ್ಲದ ಕಡೆ ಅಂಥ ಹೆರಿಗೆ ಆಗದು. ಡಾಕ್ಟರಿಗೆ ತೋರಿಸಿ, ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಜೊತೆಗೆ ಬಂದ ಅತ್ತೆಯನ್ನು ಒಳಗೆ ಕರೆಯುತ್ತಾರೆ: "ನೋಡೀಮ್ಮ, ನೋವು ಬರಲಿ, ನೀರು ಹೋಗಲಿ, ಇಲ್ಲಿಗೆ ಬಂದು ಹೊತ್ತು ಕಳೀಬೇಡಿ. 108ಕ್ಕೆ ಫೋನ್ ಮಾಡಿ, ಮಗು ಅಡ್ಡ ಇದೆ ಅಂತ ಹೇಳಿ, ನೇರ ದೊಡ್ಡಾಸ್ಪತ್ರೆಗೇ ಹೋಗಿ."